ಮೊಬೈಲ್ ನಮ್ಮ ಹೆಜ್ಜೆಗಳನ್ನು ಎಣಿಸುವುದು ಹೇಗೆ?

ಶಂಕರಪುರ ಕಡೆಯ ನಮ್ಮ ಪರಿಚಯದ ಮನೆಯೊಂದರಲ್ಲಿ ಕಳೆದ ಮಳೆಗಾಲದ ಕೊನೆಗೆ ಸಣ್ಣದೊಂದು ಜಗಳವಾಯಿತು. ಮನೆಯ ತಾಯಿಗೆ ಎಪ್ಪತ್ತರ ಹತ್ತಿರ ಪ್ರಾಯ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮಗ ಕುವೈತಿನಲ್ಲಿ ಕೆಲಸದಲ್ಲಿದ್ದಾರೆ. ರಜೆಯಲ್ಲಿ ಬಂದಾಗ ಅಮ್ಮನಿಗೆ ಹೊಸ ಸ್ಮಾರ್ಟ್‌ಫೋನ್ ತಂದುಕೊಟ್ಟು, ಅದರಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಹಾಕಿ, ಅದರ ಲೆಕ್ಕ ಪ್ರತಿದಿನ ತನ್ನ ಫೋನಿಗೂ ಬರುವ ಹಾಗೆ ಮಾಡಿ ಹೋಗಿದ್ದರು. ತಿಂಗಳು ಕಳೆಯುವುದರೊಳಗೆ ಅಲ್ಲಿಂದ ಕರೆ ಬಂತು. "ಅಮ್ಮಾ, ನೀನು ಇಡೀ ದಿನ ಕೂತುಕೊಂಡೇ ಇರ್ತೀಯಾ? ನಿನ್ನೆ ಬರೀ 640 ಹೆಜ್ಜೆ ತೋರಿಸ್ತದೆ." ತಾಯಿಗೆ ಸಿಟ್ಟು ಬಂತು. "ಬೆಳಿಗ್ಗೆ ಐದಕ್ಕೆ ಎದ್ದು ಮಲ್ಲಿಗೆ ಕೊಯ್ದದ್ದು ಯಾರು ಮಾರಾಯ? ಅದು ನಿನ್ನ ಮೊಬೈಲಿಗೆ ಕಾಣ್ಲಿಲ್ವಾ?"

ಮಾತು ಅಲ್ಲಿಗೇ ನಿಂತಿದ್ದರೆ ನಾವು ಈ ಲೇಖನ ಬರೆಯುತ್ತಿರಲಿಲ್ಲ. ಮಗ ಆ ಲೆಕ್ಕವನ್ನು ಡಾಕ್ಟರರಿಗೂ ವಾಟ್ಸಾಪ್ ಮಾಡಿದ್ದರು. ಮುಂದಿನ ತಪಾಸಣೆಯಲ್ಲಿ ಸಕ್ಕರೆ ಅಂಶ ಹಿಂದಿಗಿಂತ ಏರಿತ್ತು. ನಡಿಗೆ ಇಲ್ಲದ ಕಾರಣ ಏರಿದ್ದಾದರೆ ಮೊದಲು ನಡಿಗೆ ಹೆಚ್ಚಿಸಿ ನೋಡಬಹುದು. ನಡಿಗೆ ಇದ್ದೂ ಏರಿದ್ದಾದರೆ ಮಾತ್ರೆಯ ಬಗ್ಗೆ ಯೋಚಿಸಬೇಕು. ಹೀಗೆ ಫೋನಿನ ಒಂದು ಅಂಕಿ ಔಷಧಿಯ ಚೀಟಿಯವರೆಗೆ ಬಂದು ಮುಟ್ಟಿತು. ಡಾಕ್ಟರರು ತಾಳ್ಮೆಯವರು. ಎರಡು ವಾರ ಸರಿಯಾಗಿ ಲೆಕ್ಕ ಇಟ್ಟು ತನ್ನಿ ಎಂದು ಹೇಳಿ ಕಳುಹಿಸಿದರು. "ಸರಿಯಾಗಿ ಲೆಕ್ಕ ಇಡುವುದು ಹೇಗೆ?" ಎಂದು ಆ ತಾಯಿ ನಮ್ಮನ್ನು ಕೇಳಿದರು. ನಮಗೂ ಆಗ ಸರಿಯಾಗಿ ಗೊತ್ತಿರಲಿಲ್ಲ. ತಿಳಿದುಕೊಂಡದ್ದನ್ನು ಓದುಗರ ಮುಂದೆ ಇಡುತ್ತಿದ್ದೇವೆ. ಇಂದು ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಗಲ್ಫಿನಲ್ಲಿ, ಮುಂಬೈಯಲ್ಲಿ, ಬೆಂಗಳೂರಿನಲ್ಲಿ ಇರುವ ಮಕ್ಕಳು ಹೆತ್ತವರ ಆರೋಗ್ಯವನ್ನು ಮೊಬೈಲಿನ ಮೂಲಕವೇ ವಿಚಾರಿಸುತ್ತಿರುವುದರಿಂದ ಇದು ಒಂದೇ ಮನೆಯ ವಿಷಯ ಅಲ್ಲ ಎಂದು ನಮಗೆ ಅನಿಸುತ್ತದೆ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ದೂರ ಮಾಡೋಣ. ಫೋನ್ ನಮ್ಮ ಕಾಲುಗಳನ್ನು ನೋಡುವುದಿಲ್ಲ. ಆಕಾಶದ ಉಪಗ್ರಹವೂ ನಮ್ಮ ಹೆಜ್ಜೆಗಳನ್ನು ಎಣಿಸುವುದಿಲ್ಲ. ಫೋನಿಗೆ ತಿಳಿಯುವುದು ಒಂದೇ ಸಂಗತಿ, ತನ್ನ ಮೈ ಅಲುಗಾಡುತ್ತಿದೆಯೋ ಇಲ್ಲವೋ ಎಂಬುದು. ಉಳಿದದ್ದೆಲ್ಲ ಅದರ ಮೇಲೆ ಕಟ್ಟಿದ ಊಹೆ.

ಅಲುಗಾಟವನ್ನು ತಿಳಿಯುವ ಭಾಗಕ್ಕೆ ಆಕ್ಸೆಲೆರೋಮೀಟರ್ ಎಂದು ಹೆಸರು. ನಾವು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುವಾಗ ಡ್ರೈವರ್ ಬ್ರೇಕ್ ಹಾಕಿದರೆ ಮುಂದಕ್ಕೆ ವಾಲುತ್ತೇವೆ, ಒಮ್ಮೆಲೇ ಬಸ್ ಬಿಟ್ಟರೆ ಹಿಂದಕ್ಕೆ ವಾಲುತ್ತೇವೆ. ಕಣ್ಣು ಮುಚ್ಚಿಕೊಂಡಿದ್ದರೂ ಬಸ್ಸು ಏನು ಮಾಡಿತೆಂದು ನಮ್ಮ ಮೈಗೆ ತಿಳಿಯುತ್ತದೆ. ಫೋನಿನ ಒಳಗೂ ಇಂಥದೇ ಒಬ್ಬ ಪ್ರಯಾಣಿಕ ಇದ್ದಾನೆ ಎಂದುಕೊಳ್ಳಬಹುದು. ಕೆಲವೇ ಮಿಲಿಮೀಟರ್ ಅಗಲದ ಚಿಪ್ಪಿನೊಳಗೆ ಸಿಲಿಕಾನಿನಿಂದ ಕೆತ್ತಿದ, ತೀರಾ ಸಣ್ಣ ತುಂಡೊಂದು ಅದೇ ಸಿಲಿಕಾನಿನ ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ. ಅದರ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸಣ್ಣ ಸಣ್ಣ ಹಲ್ಲುಗಳಿವೆ. ಎದುರಿಗೆ ಅಲುಗದ ಇನ್ನೊಂದು ಸಾಲು ಹಲ್ಲುಗಳಿವೆ. ಫೋನ್ ಅಲುಗಿದಾಗ ತೂಗುವ ತುಂಡು ಒಂದಿಷ್ಟು ಹಿಂದೆ ಉಳಿಯುತ್ತದೆ, ಹಲ್ಲುಗಳ ನಡುವಿನ ಅಂತರ ಬದಲಾಗುತ್ತದೆ. ಆ ಅಂತರ ಬದಲಾದಂತೆ ಅವುಗಳ ನಡುವಿನ ವಿದ್ಯುತ್ ಗುಣವೂ ಬದಲಾಗುತ್ತದೆ. ಚಿಪ್ಪು ಅದನ್ನು ಅಳೆದು ಅಂಕಿಯಾಗಿ ಹೇಳುತ್ತದೆ. ಮೇಲೆ ಕೆಳಗೆ, ಎಡ ಬಲ, ಹಿಂದೆ ಮುಂದೆ ಎಂದು ಮೂರು ದಿಕ್ಕುಗಳಿಗೂ ಸೆಕೆಂಡಿಗೆ ಹತ್ತಾರು ಬಾರಿ ಈ ಅಳತೆ ನಡೆಯುತ್ತದೆ. ಫೋನನ್ನು ಅಡ್ಡ ಹಿಡಿದಾಗ ಚಿತ್ರ ತಾನೂ ಅಡ್ಡ ತಿರುಗುತ್ತದಲ್ಲ, ಅದೂ ಇದೇ ಚಿಪ್ಪಿನ ಕೆಲಸ. ಮೇಜಿನ ಮೇಲೆ ಸುಮ್ಮನೆ ಮಲಗಿದ್ದರೂ ಭೂಮಿಯ ಸೆಳೆತ ಅದಕ್ಕೆ ತಿಳಿಯುತ್ತಲೇ ಇರುತ್ತದೆ, ಆದ್ದರಿಂದ ಕೆಳಗೆ ಯಾವ ಕಡೆ ಎಂಬುದು ಅದಕ್ಕೆ ಯಾವಾಗಲೂ ಗೊತ್ತು.

ಇನ್ನು ನಡಿಗೆಯ ವಿಷಯ. ನಡೆಯುವಾಗ ನಮ್ಮ ಸೊಂಟ ನೇರ ಗೆರೆಯಲ್ಲಿ ಸಾಗುವುದಿಲ್ಲ. ಒಂದು ಕಾಲಿನ ಮೇಲೆ ನಿಂತಾಗ ಸ್ವಲ್ಪ ಏರುತ್ತದೆ, ಇನ್ನೊಂದು ಕಾಲು ನೆಲಕ್ಕೆ ತಾಗುವಾಗ ಇಳಿಯುತ್ತದೆ. ಹಿಮ್ಮಡಿ ನೆಲಕ್ಕೆ ಬಡಿದಾಗ ಮೈಯಲ್ಲಿ ಸಣ್ಣ ಅದಿರು ಹುಟ್ಟುತ್ತದೆ. ಪ್ಯಾಂಟಿನ ಜೇಬಿನಲ್ಲಿ ಇರುವ ಫೋನಿಗೆ ಇದೆಲ್ಲ ಅಲೆ ಅಲೆಯಾಗಿ ತಲುಪುತ್ತದೆ. ಆ ಅಂಕಿಗಳನ್ನು ಕಾಗದದ ಮೇಲೆ ಗೆರೆಯಾಗಿ ಬರೆದರೆ ಆಸ್ಪತ್ರೆಯ ಇಸಿಜಿ ಚೀಟಿಯ ನೆನಪಾಗುತ್ತದೆ, ಒಂದೊಂದು ಹೆಜ್ಜೆಗೆ ಒಂದೊಂದು ಏರು. ಫೋನ್ ಜೇಬಿನಲ್ಲಿ ತಲೆಕೆಳಗಾಗಿ ಇದ್ದರೂ ಓರೆಯಾಗಿ ಇದ್ದರೂ ತೊಂದರೆ ಆಗದಂತೆ ಮೂರು ದಿಕ್ಕುಗಳ ಅಳತೆಯನ್ನು ಕೂಡಿಸಿ ಒಂದು ಮಾಡಿಕೊಳ್ಳುವುದುಂಟು.

ಏರುಗಳನ್ನು ಎಣಿಸಿದರೆ ಮುಗಿಯಿತಲ್ಲ ಎಂದು ಕೇಳಬಹುದು. ಆದರೆ ಜೇಬಿನಿಂದ ಫೋನ್ ತೆಗೆಯುವಾಗಲೂ ಏರು ಬರುತ್ತದೆ, ಕೆಮ್ಮಿದರೂ ಬರುತ್ತದೆ, ಬಸ್ಸು ಹೊಂಡಕ್ಕೆ ಬಿದ್ದರೂ ಬರುತ್ತದೆ. ನಮ್ಮ ರಸ್ತೆಗಳಲ್ಲಿ ಹೊಂಡದ ಹೆಜ್ಜೆಗಳನ್ನೂ ಎಣಿಸಿದರೆ ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಕುಳಿತು ಹೋದವರೂ ದೊಡ್ಡ ನಡಿಗೆದಾರರಾಗುತ್ತಾರೆ! ಇದನ್ನು ತಪ್ಪಿಸಲು ತಂತ್ರಾಂಶವು ತಾಳವನ್ನು ಹುಡುಕುತ್ತದೆ. ಮನುಷ್ಯರು ಸಾಮಾನ್ಯವಾಗಿ ನಡೆಯುವಾಗ ನಿಮಿಷಕ್ಕೆ ಸುಮಾರು 100 ರಿಂದ 120 ಹೆಜ್ಜೆ ಇಡುತ್ತಾರೆ, ಅಂದರೆ ಸೆಕೆಂಡಿಗೆ ಎರಡಕ್ಕೆ ಹತ್ತಿರ. ಏರುಗಳು ಈ ತಾಳಕ್ಕೆ ಹತ್ತಿರವಾಗಿ, ಒಂದರ ಹಿಂದೆ ಒಂದು ಸಮನಾಗಿ ಬಂದರೆ ಮಾತ್ರ ಅದು ನಡಿಗೆ. ಅಡ್ಡಾದಿಡ್ಡಿ ಬಂದರೆ ಅಲ್ಲ. ಅಲುಗಾಟ ತೀರಾ ಚಿಕ್ಕದಿದ್ದರೂ ಅದನ್ನು ಬಿಟ್ಟುಬಿಡುತ್ತದೆ.

ಆದ್ದರಿಂದ ಫೋನ್ ಮೊದಲ ಹೆಜ್ಜೆಯನ್ನೇ ಎಣಿಸಿಬಿಡುವುದಿಲ್ಲ. ಕೆಲವು ಹೆಜ್ಜೆಗಳನ್ನು ಬದಿಗಿಟ್ಟುಕೊಂಡು ಕಾಯುತ್ತದೆ. ತಾಳ ಮುಂದುವರಿದರೆ ಬದಿಗಿಟ್ಟದ್ದನ್ನೂ ಸೇರಿಸಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಡುವೆ ನಿಂತುಬಿಟ್ಟರೆ ಅವು ಹೋದ ಹಾಗೆಯೇ. ನಾವು ನಾಲ್ಕು ಹೆಜ್ಜೆ ಇಟ್ಟು ಪರದೆ ನೋಡಿದಾಗ ಅಂಕಿ ಬದಲಾಗದೆ, ಸ್ವಲ್ಪ ಹೊತ್ತಿನ ನಂತರ ಒಮ್ಮೆಲೇ ಹತ್ತು ಹನ್ನೆರಡು ಏರುವುದು ಇದರಿಂದಲೇ. ಆಂಡ್ರಾಯ್ಡ್ ಫೋನುಗಳ ಎಣಿಕೆಗೆ ಹತ್ತು ಸೆಕೆಂಡಿನವರೆಗೆ ತಡ ಆಗಬಹುದು ಎಂದು ಅದರ ನಿಯಮದಲ್ಲೇ ಬರೆದಿದೆ. ತಡ ಮಾಡಿದರೆ ತಪ್ಪು ಕಡಿಮೆಯಾಗುತ್ತದೆ ಎಂಬುದು ಅದರ ಲೆಕ್ಕಾಚಾರ.

ಈಗ ಮಲ್ಲಿಗೆ ತೋಟಕ್ಕೆ ಬರೋಣ. ಒಂದು ಗಿಡದ ಎದುರು ನಿಂತು ಮೊಗ್ಗು ಕೊಯ್ಯಬೇಕು, ಎರಡು ಹೆಜ್ಜೆ ಸರಿಯಬೇಕು, ಮತ್ತೆ ನಿಲ್ಲಬೇಕು. ಸುತ್ತು ಬಂದು ಆ ಬದಿಯ ಮೊಗ್ಗು ನೋಡಬೇಕು. ಹೀಗೆ ಎರಡು ಗಂಟೆ ಕಳೆದರೂ ಒಟ್ಟಿಗೆ ಹತ್ತು ಹೆಜ್ಜೆ ಬರುವುದು ಅಪರೂಪ. ಫೋನಿಗೆ ಅಲ್ಲಿ ತಾಳವೇ ಸಿಗುವುದಿಲ್ಲ. ಅಡುಗೆ ಕೋಣೆಯಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಕೋಳಿಗೂಡಿಗೆ ಓಡಾಡುವುದೂ ಹಾಗೆಯೇ. ಮನೆಯ ಹೆಂಗಸರು ದಿನವಿಡೀ ಮಾಡುವ ಕೆಲಸದ ಬಹುಪಾಲು ಈ ಬಗೆಯದು. ಆಫೀಸಿಗೆ ಹೋಗಿ ಬಂದು ಸಂಜೆ ಮೈದಾನದಲ್ಲಿ ಅರ್ಧ ಗಂಟೆ ನಡೆದವರ ಹೆಜ್ಜೆಗಳೆಲ್ಲ ಲೆಕ್ಕಕ್ಕೆ ಸಿಗುತ್ತವೆ.

ಇದಕ್ಕಿಂತ ದೊಡ್ಡ ಕಾರಣವೊಂದು ಆ ಮನೆಯಲ್ಲಿ ಇತ್ತು, ಅದು ನಮಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. "ಫೋನ್ ಎಲ್ಲಿ ಇಟ್ಟುಕೊಳ್ತೀರಿ?" ಎಂದು ಕೇಳಿದಾಗ ಆ ತಾಯಿ ಫ್ರಿಜ್ ಮೇಲೆ ತೋರಿಸಿದರು. ನೈಟಿಗೆ ಜೇಬಿಲ್ಲ, ಸೀರೆಗೂ ಇಲ್ಲ. ಮತ್ತೆ ಎಲ್ಲಿ ಇಡುವುದು? ಫೋನ್ ದಿನವಿಡೀ ಫ್ರಿಜ್ ಮೇಲೆ ಮಲಗಿದ್ದು, ಚರ್ಚಿಗೆ ಅಥವಾ ಅಂಗಡಿಗೆ ಹೋಗುವಾಗ ಮಾತ್ರ ಬ್ಯಾಗಿನೊಳಗೆ ಸೇರುತ್ತಿತ್ತು. ಆ 640 ಹೆಜ್ಜೆಗಳು ಅಂಗಡಿಗೆ ಹೋಗಿ ಬಂದ ಹೆಜ್ಜೆಗಳು. ಫೋನ್ ಸುಳ್ಳು ಹೇಳಿರಲಿಲ್ಲ, ತಾನು ನಡೆದಷ್ಟನ್ನೇ ಹೇಳಿತ್ತು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2018 ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ಐಫೋನ್ ಇದ್ದವರಿಗೆ ಸೊಂಟದ ಅಳತೆಯಂತ್ರವನ್ನೂ ಕೊಟ್ಟು ದಿನನಿತ್ಯದ ಬದುಕಿನಲ್ಲಿ ಹೋಲಿಸಿ ನೋಡಿದಾಗ ಫೋನು ದಿನಕ್ಕೆ ಸರಾಸರಿ 1,340 ಹೆಜ್ಜೆ, ಅಂದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು, ಕಡಿಮೆ ತೋರಿಸಿತ್ತು. ಫೋನ್ ನಮ್ಮ ಮೈಮೇಲೆ ಇಲ್ಲದ ಹೊತ್ತು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಹಾಗಾದರೆ ಯಂತ್ರವೇ ಕೆಟ್ಟದ್ದೇ? ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2015 ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 14 ಮಂದಿ ಆರೋಗ್ಯವಂತರು ಟ್ರೆಡ್‌ಮಿಲ್ ಮೇಲೆ 500 ಮತ್ತು 1,500 ಹೆಜ್ಜೆ ನಡೆದರು, ಪಕ್ಕದಲ್ಲಿ ಮನುಷ್ಯರೇ ಎಣಿಸಿದರು. ಜೇಬಿನಲ್ಲಿ ಇದ್ದ ಫೋನುಗಳ ಲೆಕ್ಕ ಸರಾಸರಿಯಲ್ಲಿ ಶೇಕಡಾ 7 ಕ್ಕಿಂತ ಹೆಚ್ಚು ತಪ್ಪಲಿಲ್ಲ. ಮೈಗೆ ತಾಗಿ ಇದ್ದರೆ, ನೇರ ದಾರಿಯಾದರೆ, ನಡಿಗೆ ಚುರುಕಾಗಿದ್ದರೆ ಫೋನ್ ಚೆನ್ನಾಗಿಯೇ ಎಣಿಸುತ್ತದೆ ಎಂದಾಯಿತು.

ಚುರುಕು ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಮಂಡಿನೋವು ಇದ್ದವರು, ಪಾರ್ಶ್ವವಾಯು ಆಗಿ ಚೇತರಿಸುತ್ತಿರುವವರು, ಊರುಗೋಲು ಅಥವಾ ವಾಕರ್ ಹಿಡಿದವರು ಕಾಲನ್ನು ಎಳೆದಂತೆ ನಡೆಯುತ್ತಾರೆ. ಅವರ ಹಿಮ್ಮಡಿ ನೆಲಕ್ಕೆ ಬಡಿಯುವುದಿಲ್ಲ, ಸೊಂಟ ಹೆಚ್ಚು ಏರಿಳಿಯುವುದಿಲ್ಲ. ಏರು ಚಿಕ್ಕದಾದುದರಿಂದ ಫೋನ್ ಅದನ್ನು ಹೆಜ್ಜೆ ಎಂದು ಒಪ್ಪುವುದಿಲ್ಲ. ಯಾರಿಗೆ ಒಂದೊಂದು ಹೆಜ್ಜೆಯೂ ಕಷ್ಟವೋ ಅವರ ಹೆಜ್ಜೆಗಳೇ ಲೆಕ್ಕದಿಂದ ಹೊರಗೆ ಉಳಿಯುತ್ತವೆ. ರೋಗಿಗಳನ್ನು ಭೇಟಿ ಮಾಡಲು ಮನೆಮನೆಗೆ ಹೋಗುವ ನಮ್ಮ ಸೇವಾ ಸಂಘಟನೆಗಳ ಸದಸ್ಯರು ಇದನ್ನು ತಿಳಿದಿರುವುದು ಒಳ್ಳೆಯದು. ಮಕ್ಕಳು ಫೋನಿನಲ್ಲಿ ತೋರಿಸುವ ಅಂಕಿಯನ್ನು ಹಿಡಿದು "ಇವರು ನಡೆಯುವುದೇ ಇಲ್ಲ" ಎನ್ನುವ ಮನೆಗಳು ಒಂದೆರಡಲ್ಲ.

ಇದರ ವಿರುದ್ಧದ ತಪ್ಪೂ ಇದೆ. ಫೋನ್ ಕೈಯಲ್ಲಿ ಹಿಡಿದು ತಾಳಕ್ಕೆ ಸರಿಯಾಗಿ ಅಲುಗಾಡಿಸಿದರೆ ಕುಳಿತಲ್ಲೇ ಹೆಜ್ಜೆ ಏರುತ್ತದೆ. ಅದಕ್ಕಾಗಿಯೇ ಫೋನನ್ನು ತೂಗುವ ಸಣ್ಣ ಯಂತ್ರಗಳೂ ಮಾರಾಟಕ್ಕಿವೆ. ಟ್ರಾಲಿ ತಳ್ಳುತ್ತಾ ನಡೆಯುವಾಗ ಕೈಗಡಿಯಾರದ ಎಣಿಕೆ ನಿಲ್ಲಬಹುದು, ಏಕೆಂದರೆ ಕೈ ಬೀಸುತ್ತಿಲ್ಲ. ಅದೇ ಹೊತ್ತಿಗೆ ಜೇಬಿನ ಫೋನ್ ಎಣಿಸುತ್ತಿರುತ್ತದೆ. ಗಡಿಯಾರಕ್ಕೂ ಫೋನಿಗೂ ಲೆಕ್ಕ ಕೂಡದಿರುವುದು ಸಹಜ.

ದಿನವಿಡೀ ಎಣಿಸುತ್ತಿದ್ದರೆ ಬ್ಯಾಟರಿ ಖಾಲಿಯಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಮೊದಲು ಆ ತೊಂದರೆ ಇತ್ತು. 2006 ರ ನೋಕಿಯಾ 5500 ಸ್ಪೋರ್ಟ್ ಎಂಬ ಫೋನಿನಲ್ಲೇ ಹೆಜ್ಜೆ ಎಣಿಸುವ ಸೌಲಭ್ಯ ಇತ್ತಾದರೂ ಅದು ಎಲ್ಲರ ಕೈಗೆ ಬರಲಿಲ್ಲ. 2013 ರಲ್ಲಿ ಆಪಲ್ ತನ್ನ ಐಫೋನ್ 5ಎಸ್‌ನಲ್ಲಿ ಅಲುಗಾಟವನ್ನು ಮಾತ್ರ ಗಮನಿಸುವ ಎಂ7 ಎಂಬ ಪ್ರತ್ಯೇಕ ಚಿಪ್ಪನ್ನು ಇಟ್ಟಿತು. ಅದೇ ವರ್ಷ ಆಂಡ್ರಾಯ್ಡ್ 4.4 ರಲ್ಲಿ ಹೆಜ್ಜೆ ಎಣಿಕೆ ಫೋನಿನ ಸಹಜ ಸೌಲಭ್ಯವಾಯಿತು. ಫೋನಿನ ದೊಡ್ಡ ಮಿದುಳು ನಿದ್ದೆ ಮಾಡುತ್ತಿರುವಾಗ ಕಡಿಮೆ ವಿದ್ಯುತ್ತಿನಲ್ಲಿ ದುಡಿಯುವ ಈ ಸಣ್ಣ ಗುಮಾಸ್ತ ಎಣಿಸುತ್ತಿರುತ್ತಾನೆ. ಆ್ಯಪ್ ತೆರೆದಾಗ ತನ್ನ ಪುಸ್ತಕವನ್ನು ತೋರಿಸುತ್ತಾನೆ. ಆಂಡ್ರಾಯ್ಡ್ ಫೋನಿನಲ್ಲಿ ಒಂದು ವಿಶೇಷ ಇದೆ. ಅಲ್ಲಿ ಗುಮಾಸ್ತ ಫೋನ್ ಆನ್ ಆದಂದಿನಿಂದ ಒಟ್ಟು ಎಷ್ಟು ಎಂಬುದನ್ನು ಮಾತ್ರ ಇಟ್ಟುಕೊಳ್ಳುತ್ತಾನೆ. ಇಂದು ಎಷ್ಟು, ನಿನ್ನೆ ಎಷ್ಟು ಎಂದು ಕಳೆದು ಬರೆಯುವುದು ಆ್ಯಪ್‌ನ ಕೆಲಸ. ಫೋನ್ ಆಫ್ ಮಾಡಿ ಆನ್ ಮಾಡಿದರೆ ಆ ಲೆಕ್ಕ ಸೊನ್ನೆಗೆ ಬರುತ್ತದೆ. ಆ್ಯಪ್ ಅದಕ್ಕಿಂತ ಮೊದಲು ಬರೆದಿಟ್ಟುಕೊಂಡಿರದಿದ್ದರೆ ನಡುವಿನ ಹೆಜ್ಜೆಗಳು ಸಿಗುವುದಿಲ್ಲ. ಒಂದೇ ಫೋನಿನಲ್ಲಿ ಎರಡು ಆ್ಯಪ್‌ಗಳು ಎರಡು ಬಗೆಯ ಅಂಕಿ ತೋರಿಸಲು ಇಂಥ ಕಾರಣಗಳಿವೆ. ಬ್ಯಾಟರಿ ಉಳಿಸಲು ಫೋನ್ ತಾನಾಗಿಯೇ ಆ್ಯಪ್‌ನ್ನು ಮಲಗಿಸುವುದೂ ಉಂಟು. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಆ ಆ್ಯಪ್‌ಗೆ ವಿನಾಯಿತಿ ಕೊಡಬಹುದು.

ಹೆಜ್ಜೆಯ ಮಾತು ಇಷ್ಟಾದರೆ ದೂರದ ಮಾತು ಬೇರೆ. ಎಷ್ಟು ಕಿಲೋಮೀಟರ್ ಎಂದು ತಿಳಿಯಲು ಫೋನಿಗೆ ಎರಡು ದಾರಿಗಳಿವೆ. ಒಂದು, ಹೆಜ್ಜೆಗಳನ್ನು ಹೆಜ್ಜೆಯ ಉದ್ದದಿಂದ ಗುಣಿಸುವುದು. ಉದ್ದ ಎಷ್ಟೆಂದು ಅದಕ್ಕೆ ತಿಳಿಯದು. ನಾವು ಆ್ಯಪ್‌ನಲ್ಲಿ ಬರೆದ ಎತ್ತರದ ಶೇಕಡಾ 41 ರಷ್ಟು ಎಂದು ಊಹಿಸುವ ಪದ್ಧತಿ ಇದೆ. 160 ಸೆಂಟಿಮೀಟರ್ ಎತ್ತರದವರಿಗೆ ಒಂದು ಹೆಜ್ಜೆ ಸುಮಾರು 66 ಸೆಂಟಿಮೀಟರ್, ಹತ್ತು ಸಾವಿರ ಹೆಜ್ಜೆಗೆ ಆರೂವರೆ ಕಿಲೋಮೀಟರ್ ಆಗುತ್ತದೆ. ಎತ್ತರವನ್ನೇ ತಪ್ಪಾಗಿ ಬರೆದಿದ್ದರೆ ಅಥವಾ ಮಗನ ಎತ್ತರವನ್ನು ಅಮ್ಮನ ಫೋನಿನಲ್ಲಿ ಬಿಟ್ಟಿದ್ದರೆ ದೂರವೂ ತಪ್ಪುತ್ತದೆ. ನಾವು ನೋಡಿದ ಫೋನಿನಲ್ಲಿ ಹಾಗೆಯೇ ಆಗಿತ್ತು!

ಎರಡನೆಯ ದಾರಿ ಜಿಪಿಎಸ್. ಉಪಗ್ರಹಗಳು ಸಮಯದ ಗುರುತು ಇರುವ ಸಂಕೇತಗಳನ್ನು ಕಳುಹಿಸುತ್ತಲೇ ಇರುತ್ತವೆ. ಯಾವ ಉಪಗ್ರಹದ ಸಂಕೇತ ಎಷ್ಟು ತಡವಾಗಿ ತಲುಪಿತು ಎಂಬುದರಿಂದ ಫೋನ್ ದೂರವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳು ಸಿಕ್ಕಿದರೆ ತಾನು ಎಲ್ಲಿರುವೆ ಎಂದು ತಿಳಿಯುತ್ತದೆ. ತೆರೆದ ಆಕಾಶದ ಕೆಳಗೆ ನಾಲ್ಕೈದು ಮೀಟರ್ ಆಚೀಚೆ ಆಗಬಹುದು. ಸಮುದ್ರ ತೀರದ ರಸ್ತೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ದಟ್ಟವಾದ ಮರಗಳ ಅಡಿಯಲ್ಲಿ ಅಷ್ಟಿಲ್ಲ, ಮನೆಯೊಳಗೆ ಇನ್ನೂ ಕಡಿಮೆ. ಮಳೆಯ ಮೋಡ ಇದ್ದರೆ ಜಿಪಿಎಸ್ ಬರುವುದಿಲ್ಲ ಎಂದು ಹೇಳುವವರಿದ್ದಾರೆ. ಮೋಡ ಅಷ್ಟೊಂದು ಅಡ್ಡಿ ಮಾಡುವುದಿಲ್ಲ, ಗೋಡೆ ಮತ್ತು ಮಾಡು ಮಾಡುತ್ತವೆ. ಜಿಪಿಎಸ್ ಬ್ಯಾಟರಿಯನ್ನು ತಿನ್ನುವುದರಿಂದ ಸಾಮಾನ್ಯವಾಗಿ "ವಾಕಿಂಗ್ ಆರಂಭಿಸು" ಎಂದು ನಾವು ಒತ್ತಿದಾಗ ಮಾತ್ರ ಆ್ಯಪ್ ಅದನ್ನು ಬಳಸುತ್ತದೆ. ಕ್ಯಾಲೊರಿಯ ಅಂಕಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಊಹೆಯ ಮೇಲಿನ ಊಹೆ, ಅದನ್ನು ನಂಬಿ ಎರಡು ಬನ್ಸ್ ಹೆಚ್ಚು ತಿನ್ನದಿರುವುದು ಲೇಸು.

ಹತ್ತು ಸಾವಿರ ಎಂಬ ಅಂಕಿ ಎಲ್ಲಿಂದ ಬಂತು? ಯಾವುದೋ ವೈದ್ಯಕೀಯ ಸಂಸ್ಥೆ ಕಂಡುಹಿಡಿದದ್ದು ಎಂದು ನಾವೂ ತಿಳಿದಿದ್ದೆವು. ವಾಸ್ತವದಲ್ಲಿ ಅದು ಜಪಾನಿನ ಒಂದು ಮಾರಾಟದ ವಸ್ತುವಿನ ಹೆಸರು. 1964 ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆದ ಮರುವರ್ಷ, 1965 ರಲ್ಲಿ, ಯಮಾಸಾ ಎಂಬ ಕಂಪೆನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆಯ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಇಟ್ಟ ಹೆಸರು "ಮಾನ್‌ಪೊ-ಕೆ", ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಹೇಳಲು ಸುಲಭ, ನೆನಪಿಡಲು ಸುಲಭ. ಅರುವತ್ತು ವರ್ಷ ಕಳೆದರೂ ಆ ಹೆಸರೇ ನಮ್ಮ ಫೋನುಗಳಲ್ಲಿ ಗುರಿಯಾಗಿ ಕುಳಿತಿದೆ.

ಸಂಶೋಧನೆಗಳು ಬಂದದ್ದು ಬಹಳ ತಡವಾಗಿ. ಅಮೆರಿಕದಲ್ಲಿ ಸರಾಸರಿ 72 ವರ್ಷ ಪ್ರಾಯದ 16,741 ಮಹಿಳೆಯರನ್ನು ಗಮನಿಸಿದ ಅಧ್ಯಯನವೊಂದು 2019 ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಆ ವರ್ಷಗಳಲ್ಲಿ ಮರಣದ ಪ್ರಮಾಣ ಶೇಕಡಾ 41 ರಷ್ಟು ಕಡಿಮೆ ಇತ್ತು. ಸುಮಾರು 7,500 ರ ನಂತರ ಹೆಚ್ಚು ನಡೆದವರಿಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. 2022 ರಲ್ಲಿ 15 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಅರುವತ್ತು ದಾಟಿದವರಿಗೆ 6,000 ದಿಂದ 8,000, ಅದಕ್ಕಿಂತ ಕಿರಿಯರಿಗೆ 8,000 ದಿಂದ 10,000 ಹೆಜ್ಜೆಗಳಲ್ಲಿ ಈ ಲಾಭ ಸಮತಟ್ಟಿಗೆ ಬರುತ್ತದೆ ಎಂದರು. 2025 ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಇನ್ನೊಂದು ದೊಡ್ಡ ಪರಿಶೀಲನೆ 2,000 ಹೆಜ್ಜೆಯವರನ್ನು 7,000 ಹೆಜ್ಜೆಯವರೊಂದಿಗೆ ಹೋಲಿಸಿತು. ಮರಣದ ಅಪಾಯ ಶೇಕಡಾ 47 ರಷ್ಟು, ಸಕ್ಕರೆ ಕಾಯಿಲೆ ಬರುವ ಅಪಾಯ ಶೇಕಡಾ 14 ರಷ್ಟು ಕಡಿಮೆ ಕಂಡಿತು. ಇಲ್ಲಿ ಒಂದು ಎಚ್ಚರಿಕೆ ಬೇಕು. ಆರೋಗ್ಯ ಚೆನ್ನಾಗಿರುವವರೇ ಹೆಚ್ಚು ನಡೆಯುತ್ತಾರೆ ಎಂಬುದೂ ಸತ್ಯ, ಆದ್ದರಿಂದ ಎಲ್ಲ ಲಾಭವೂ ನಡಿಗೆಯಿಂದಲೇ ಎಂದು ಹೇಳಲಾಗದು. ಸಂಶೋಧಕರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಪ್ರಯತ್ನಿಸಿದ್ದಾರೆ, ಆದರೂ ಪೂರ್ತಿ ಬೇರ್ಪಡಿಸುವುದು ಕಷ್ಟ. ನಮ್ಮ ದೇಶದ ಅಂಕಿ ಬೇಕೆಂದರೆ, 2017 ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ, 111 ದೇಶಗಳ ಏಳು ಲಕ್ಷಕ್ಕೂ ಹೆಚ್ಚು ಮಂದಿಯ ಫೋನುಗಳ ಲೆಕ್ಕದಲ್ಲಿ ಭಾರತದ ಸರಾಸರಿ 4,297. ಇದು ಆ ಕಾಲದಲ್ಲಿ ಸ್ಮಾರ್ಟ್‌ಫೋನ್ ಮತ್ತು ಆ ಆ್ಯಪ್ ಇದ್ದವರ ಲೆಕ್ಕ ಎಂಬುದನ್ನು ಮರೆಯಬಾರದು. ಗದ್ದೆಯಲ್ಲಿ ನೇಜಿ ನೆಡುವವರು, ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಬರುವವರು ಅದರಲ್ಲಿ ಎಷ್ಟು ಮಂದಿ ಇದ್ದಿರಬಹುದು?

ಲೆಕ್ಕ ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಇದೆ. 2019 ರಲ್ಲಿ ಬಂದ ಆಂಡ್ರಾಯ್ಡ್ 10 ರಿಂದ ಹೆಜ್ಜೆ ಎಣಿಕೆ ನೋಡಲು ಆ್ಯಪ್ ನಮ್ಮ ಅನುಮತಿ ಕೇಳಬೇಕು. ಐಫೋನಿನಲ್ಲೂ ಅಂಥದೇ ಅನುಮತಿ ಇದೆ. ನಾವು ಓದದೆ "ಸರಿ" ಎಂದು ಒತ್ತುತ್ತೇವೆ. 2018 ರ ಜನವರಿಯಲ್ಲಿ ಸ್ಟ್ರಾವಾ ಎಂಬ ಆ್ಯಪ್ ತನ್ನ ಬಳಕೆದಾರರು ಓಡಾಡಿದ ದಾರಿಗಳನ್ನೆಲ್ಲ ಸೇರಿಸಿ ಪ್ರಕಟಿಸಿದ್ದ ನಕಾಶೆಯಲ್ಲಿ ಸೇನಾ ಶಿಬಿರಗಳ ಒಳಗೆ ಸೈನಿಕರು ಓಡುವ ದಾರಿಗಳು ಹೊಳೆಯುತ್ತಿರುವುದು ಪತ್ತೆಯಾಗಿ ದೊಡ್ಡ ಸುದ್ದಿಯಾಯಿತು. ಸೈನ್ಯದ ಗುಟ್ಟು ಹೀಗೆ ಹೊರಬಂದರೆ ಒಂಟಿಯಾಗಿ ಇರುವ ಹಿರಿಯರು ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆಗೆ ಬೀಗ ಹಾಕಿ ಹೊರಡುತ್ತಾರೆ ಎಂಬುದು ಹೊರಬರುವುದು ಕಷ್ಟವೇ? ದಾರಿಯ ನಕಾಶೆಯನ್ನು ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ನಮ್ಮಲ್ಲೂ ಬಂದಿದೆ. ಹೆಜ್ಜೆಯ ಅಂಕಿ ಹಾಕಿದರೆ ಸಾಕು, ನಕಾಶೆ ಬೇಡ ಎಂಬುದು ನಮ್ಮ ಅಭಿಪ್ರಾಯ.

ಗುಂಪಿನ ಮಾತು ಬಂದುದರಿಂದ ಒಂದು ಸಂಗತಿ. ಕೆಲವು ಕಡೆ ವಾಳೆಗಳ ನಡುವೆ, ಸಂಘಗಳ ನಡುವೆ ಹೆಜ್ಜೆಯ ಸ್ಪರ್ಧೆ ಇಡುತ್ತಾರೆ. ಉತ್ಸಾಹ ಒಳ್ಳೆಯದೇ. ಆದರೆ ಬೇರೆ ಬೇರೆ ಫೋನುಗಳ, ಬೇರೆ ಬೇರೆ ಆ್ಯಪ್‌ಗಳ ಅಂಕಿಗಳನ್ನು ಪಕ್ಕದಲ್ಲಿಟ್ಟು ಮೊದಲ ಬಹುಮಾನ, ಎರಡನೆಯ ಬಹುಮಾನ ಎಂದು ಹೇಳುವುದು ಬೇರೆ ಬೇರೆ ತಕ್ಕಡಿಗಳಲ್ಲಿ ಮೀನು ತೂಗಿದ ಹಾಗೆ. ನಾವು ಕಂಡ ಒಂದು ಸ್ಪರ್ಧೆಯಲ್ಲಿ ಜೇಬಿಲ್ಲದವರು ಮತ್ತು ವಾಕರ್ ಹಿಡಿದವರು ಪಟ್ಟಿಯ ಕೊನೆಯಲ್ಲಿದ್ದು, ಎರಡನೆಯ ವಾರಕ್ಕೆ ಸುಮ್ಮನೆ ಹೊರಬಿದ್ದರು. ಯಾರೂ ಕೇಳಲೂ ಇಲ್ಲ. ಬದಲಾಗಿ ವಾರಕ್ಕೆ ಎಷ್ಟು ನಿಮಿಷ ನಡೆದಿರಿ ಎಂದು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2020 ರ ತನ್ನ ಮಾರ್ಗಸೂಚಿಯಲ್ಲಿ ಹೆಜ್ಜೆಯ ಅಂಕಿ ಕೊಟ್ಟಿಲ್ಲ, ವಾರಕ್ಕೆ 150 ರಿಂದ 300 ನಿಮಿಷಗಳ ಮಧ್ಯಮ ಗತಿಯ ಚಟುವಟಿಕೆ ಎಂದಿದೆ. ಗೋಡೆಯ ಗಡಿಯಾರ ಎಲ್ಲರ ಮನೆಯಲ್ಲೂ ಇದೆ. ಇಲ್ಲವೇ ಒಬ್ಬೊಬ್ಬರೂ ತಮ್ಮ ಮೊದಲ ವಾರದ ಅಂಕಿಯೊಂದಿಗೆ ಮಾತ್ರ ತಮ್ಮನ್ನು ಹೋಲಿಸಿಕೊಳ್ಳಲಿ. ಫೋನ್ ತಪ್ಪಿದರೂ ದಿನಾ ಒಂದೇ ರೀತಿ ತಪ್ಪುವುದರಿಂದ ಏರಿತೋ ಇಳಿಯಿತೋ ಎಂಬುದು ತಿಳಿಯುತ್ತದೆ.

ಮನೆಯ ಫೋನನ್ನು ಪರೀಕ್ಷಿಸುವುದು ಸುಲಭ. ಅಂಕಿ ಎಷ್ಟಿದೆ ಎಂದು ಬರೆದುಕೊಳ್ಳಿ. ನಿತ್ಯ ಇಟ್ಟುಕೊಳ್ಳುವ ಜಾಗದಲ್ಲೇ ಫೋನ್ ಇಟ್ಟುಕೊಂಡು, ಬಾಯಲ್ಲಿ ಎಣಿಸುತ್ತಾ ನೂರು ಹೆಜ್ಜೆ ನಡೆಯಿರಿ. ಅರ್ಧ ನಿಮಿಷ ಕಾದು ಮತ್ತೆ ನೋಡಿ. ಮೂರು ಬಾರಿ ಮಾಡಿದರೆ ಅಂದಾಜು ಸಿಗುತ್ತದೆ. ಮಳೆಗಾಲದಲ್ಲಿ ಜಗಲಿಯ ಮೇಲೆ ಆಚೆ ಈಚೆ ನಡೆಯುವವರು ಜಗಲಿಯ ಮೇಲೆಯೇ ಪರೀಕ್ಷಿಸಬೇಕು, ಏಕೆಂದರೆ ಹತ್ತು ಹೆಜ್ಜೆಗೊಮ್ಮೆ ತಿರುಗುವಾಗ ತಾಳ ತಪ್ಪಿ ಕೆಲವು ಹೆಜ್ಜೆಗಳು ಬಿಟ್ಟುಹೋಗುತ್ತವೆ.

ಆ ತಾಯಿಯೊಂದಿಗೆ ನಾವೂ ಹೀಗೆಯೇ ಮಾಡಿದೆವು. ಹಳೆಯ ಬಟ್ಟೆಯಲ್ಲಿ ಒಂದು ಚೀಲ ಹೊಲಿದು ಅದರಲ್ಲಿ ಫೋನ್ ಇಟ್ಟು ಸೊಂಟಕ್ಕೆ ಕಟ್ಟಿಕೊಂಡರು. ಗೇಟಿನಿಂದ ಹೂವಿನ ಕಟ್ಟೆಗೆ ಹೋಗುವ ರಸ್ತೆಯಲ್ಲಿ ಫೋನಿನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ನೂರಕ್ಕೆ ನಾಲ್ಕೈದು ಹೆಜ್ಜೆಯ ವ್ಯತ್ಯಾಸ. ಮಲ್ಲಿಗೆ ತೋಟದಲ್ಲಿ ಅವರೇ ಒಂದು ಉಪಾಯ ಮಾಡಿದರು. ಒಂದು ಬದಿಯ ಮಡಿಲಿನಲ್ಲಿ ಹುಣಸೆ ಬೀಜಗಳನ್ನು ಇಟ್ಟುಕೊಂಡು ಐವತ್ತು ಹೆಜ್ಜೆಗೊಂದು ಬೀಜವನ್ನು ಹೂವಿನ ಬುಟ್ಟಿಗೆ ಹಾಕುತ್ತಾ ಹೋದರು. ಕೊಯ್ದು ಮುಗಿಸಿದಾಗ ಬುಟ್ಟಿಯಲ್ಲಿ ಹದಿನೆಂಟು ಬೀಜಗಳಿದ್ದವು, ಅಂದರೆ 900 ಹೆಜ್ಜೆ. ಫೋನ್ ತೋರಿಸಿದ್ದು ಅದರ ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಎರಡು ವಾರಗಳ ಲೆಕ್ಕವನ್ನು, ಬೀಜದ ಲೆಕ್ಕವನ್ನೂ ಸೇರಿಸಿ, ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಡಾಕ್ಟರರಿಗೆ ತೋರಿಸಿದರು. ದಿನಕ್ಕೆ ನಾಲ್ಕು ಸಾವಿರದ ಆಸುಪಾಸು ಇತ್ತು. ಅವರ ಮಂಡಿಯನ್ನು ನೋಡಿದ ಡಾಕ್ಟರರು ಇದಕ್ಕಿಂತ ಹೆಚ್ಚು ನಡೆಯಿರಿ ಎಂದು ಹೇಳಲಿಲ್ಲ, ಮಾತ್ರೆಯನ್ನು ಬದಲಿಸಿದರು.

ಮಗ ಈಗಲೂ ಕುವೈತಿನಲ್ಲಿ ದಿನಾ ಅಂಕಿ ನೋಡುತ್ತಾರೆ. ಭಾನುವಾರ ಮಾತ್ರ ಅಮ್ಮ ಚೀಲವನ್ನು ಮೊಳೆಗೆ ಸಿಕ್ಕಿಸಿ, ಫೋನನ್ನು ಫ್ರಿಜ್ ಮೇಲೆ ಬಿಟ್ಟು ಹೊರಡುತ್ತಾರೆ. ಆ ದಿನ ಅಲ್ಲಿಂದ ಹೆಜ್ಜೆಯ ಬಗ್ಗೆ ಕರೆ ಬರುವುದಿಲ್ಲ.